ಕೈ ಚೆನ್ನಾಗಿದ್ದರೂ ಸ್ಕೂಟ್ ಹೇಳಿ

ಶಿವರಾತ್ರಿ ಜಾಗರಣೆಗೆ ಜಮಖಾನ ಹಾಸಿ 101ರ ರಮ್ಮಿಗೆ ಕೂರುವವರಿಗೆ ಒಂದಿಷ್ಟು ಹೇಳಬೇಕು. ನಿಮಗೆ ಆಟ ಚೆನ್ನಾಗಿಯೇ ಬರುತ್ತೆ. ಆದರೂ ಹತ್ತು ಗಂಟೆಗೇ ಔಟಾಗಿ ಗೋಡೆಗೊರಗಿ ಕೂತವರನ್ನು ನೋಡಿದರೆ ನನಗೆ ಸಂಕಟವಾಗುತ್ತೆ.

• ಎಲೆ ಜೋಡಿಸಿದ ಕೂಡಲೇ ಜೋಕರ್ ಎಣಿಸಬೇಡಿ, ಮೊದಲು ಲೈಫ್ ಹುಡುಕಿ. ಜೋಕರ್ ಸೇರದ ಒಂದು ಸಾಲು ಇಲ್ಲದಿದ್ದರೆ, ಇನ್ನೊಬ್ಬರು ಶೋ ಮಾಡಿದಾಗ ನೀವು ಹೊಂದಿಸಿಟ್ಟಿದ್ದೂ ಲೆಕ್ಕಕ್ಕೆ ಬರುತ್ತೆ.

• ರಾಜ ರಾಣಿಯರ ಚಂದಕ್ಕೆ ಸೋಲಬೇಡಿ. ಒಮ್ಮೆ ನನ್ನ ಕೈಗೆ ಮೂರು ರಾಜ, ಎರಡು ರಾಣಿ, ಒಂದು ಗುಲಾಮ, ಒಂದು ಎಕ್ಕ, ಮೇಲೆ ಎರಡು ಜೋಕರ್ ಬಂದಿದ್ದವು. ಇಂಥ ಕೈ ಬಿಡೋದುಂಟೇ ಅಂತ ಕೂತೆ. ಲೈಫ್ ಮಾತ್ರ ಇರಲಿಲ್ಲ. ನಾಲ್ಕನೇ ಸುತ್ತಿಗೆ ನಾದಿನಿ ಶೋ ಮಾಡಿದಳು. ಆ ಏಳು ಎಲೆಗಳೇ 70, ಉಳಿದ ಸಣ್ಣ ಎಲೆಗಳೂ ಸೇರಿ ಫುಲ್ ಕೌಂಟ್, 80. ಮೊದಲೇ ಮಡಚಿಟ್ಟಿದ್ದರೆ 20ರಲ್ಲಿ ಮುಗಿಯುತ್ತಿತ್ತು.

• ಕಟ್ಟಿಗೆ ಕೈ ಹಾಕುವ ಮೊದಲೇ ತೀರ್ಮಾನ ಮಾಡಿ. ಎಲೆ ಎತ್ತಿದ ಮೇಲೆ ಬಿಟ್ಟರೆ 40 ಆಗುತ್ತೆ. ‘ಒಂದೇ ಒಂದು ಎಲೆ ನೋಡ್ತೀನಿ’ ಅನ್ನೋ ಆಸೆಗೆ 20 ಪಾಯಿಂಟು ದಂಡ ಯಾಕೆ ಕಟ್ಟಬೇಕು?

• ಲೈಫ್ ಇಲ್ಲ, ಆದರೆ ಬರುವ ಹಾಗಿದೆ ಅನಿಸಿದರೆ ಯಾವ ಎಲೆಗೆ ಕಾಯಬೇಕು ನೋಡಿ. ಆಟೀನ್ ಆರು, ಏಳು ಇದ್ದರೆ ಐದೂ ಆಗುತ್ತೆ, ಎಂಟೂ ಆಗುತ್ತೆ. ಎರಡು ಕಟ್ಟಿನಲ್ಲಿ ಅಂಥವು ನಾಲ್ಕು. ಆರು, ಎಂಟು ಹಿಡಿದು ಏಳಕ್ಕೆ ಕಾದರೆ ಇರೋದು ಎರಡೇ. ಅವೂ ಪಕ್ಕದವರ ಕೈಯಲ್ಲಿ ಕೂತಿರಬಹುದು. ಎಕ್ಕ, ಎರಡು ಹಿಡಿದವರ ಪಾಡೂ ಇದೇ.

• ಕೂತವರ ತಲೆ ಎಣಿಸಿ. ಇಬ್ಬರೇ ಇದ್ದರೆ ಸಾಧಾರಣ ಕೈಯಲ್ಲೂ ನಾಲ್ಕು ಸುತ್ತು ನೋಡಬಹುದು. ಆರು ಜನ ಇದ್ದರೆ ಯಾರಿಗಾದರೂ ಬೇಗ ಆಗಿಯೇ ಆಗುತ್ತೆ.

• ಸ್ಕೂಟ್ ಹೇಳೋಕೆ ನಾಚಿಕೆ ಬೇಡ. ಐದು ಸಲ ಹೇಳಿದರೂ 100, ನೀವಿನ್ನೂ ಆಟದಲ್ಲಿದ್ದೀರಿ. ಒಂದೇ ಒಂದು ಫುಲ್ ಕೌಂಟ್ ತಿಂದರೆ ಆಮೇಲೆ ಉಳಿಯೋದು ಒಂದೇ ಸ್ಕೂಟು.

• ಪ್ರತಿ ಆಟಕ್ಕೂ ಮೊದಲು ಲೆಕ್ಕದ ಚೀಟಿ ನೋಡಿ, ಇದನ್ನು ಎಲ್ಲರೂ ಮರೆಯುತ್ತೀರಿ. 80 ದಾಟಿದವರಿಗೆ ಸ್ಕೂಟ್ ಇಲ್ಲ, ಎಂಥ ಕೈ ಬಂದರೂ ಆಡಲೇಬೇಕು. ಅಂಥವರು ಇಬ್ಬರು ಮೂವರಿದ್ದಾಗ ನಿಮ್ಮ ನಡುವಣ ಕೈಯನ್ನೂ ಧೈರ್ಯವಾಗಿ ಆಡಿ.

• ಬಿಟ್ಟ ಮೇಲೆ ಎಲೆ ಮಗುಚಿಟ್ಟು ಎದ್ದುಹೋಗಿ ಕಾಫಿ ಬಿಸಿ ಮಾಡಿ. ನಿಮಗೆ ಯಾವ ಎಲೆ ಬರುತ್ತಿತ್ತು ಅಂತ ಕಟ್ಟು ಕೆದಕಬೇಡಿ. ಬೇಕಾಗಿದ್ದ ಎಲೆ ಅಲ್ಲೇ ಕಂಡರೆ ಮುಂದಿನ ಕೈ ಬಿಡೋಕೆ ಮನಸ್ಸೇ ಬರಲ್ಲ.