ನಾರ್ಮಲ್ ಬಂತೆಂದು ಮಾತ್ರೆ ಬಿಡಬೇಡ

ದಾವಣಗೆರೆ

ಚಿ. ಸುಮಂತನಿಗೆ,

ನೀನು ವಾಟ್ಸಾಪಿನಲ್ಲಿ ಕಳಿಸಿದ ಲಿಪಿಡ್ ಪ್ರೊಫೈಲ್ ನೋಡಿದೆ. 178 ಇದ್ದ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲ್ 96ಕ್ಕೆ ಇಳಿದಿದೆ, ಸಂತೋಷ. ಆದರೆ ಅದರ ಕೆಳಗೆ ‘ಎಲ್ಲಾ ನಾರ್ಮಲ್, ಮಾತ್ರೆ ನಿಲ್ಲಿಸಿದೆ’ ಅಂತ ಬರೆದಿದ್ದೀಯಲ್ಲ, ಅದಕ್ಕೇ ಈ ಕಾಗದ. ಫೋನಿನಲ್ಲಿ ಹೇಳಿದರೆ ‘ಆಯ್ತು ದೊಡ್ಡಪ್ಪ’ ಅಂದು ಇಟ್ಟುಬಿಡುತ್ತೀಯ.

ಮೆಡಿಕಲ್ ಶಾಪಿನ ಕೌಂಟರ್ ಹಿಂದೆ ಆಯುಷ್ಯ ಕಳೆದವನು ನಾನು. ಹಲ್ಲುನೋವಿನ ಮಾತ್ರೆಗೆ ರಾತ್ರಿ ಶಟರ್ ಬಡಿಯುವ ಜನ, ಕೊಲೆಸ್ಟರಾಲಿನ ಅಟೊರ್ವಾಸ್ಟಾಟಿನ್ ಚೀಟಿ ಹಿಡಿದು ಬಂದರೆ ‘ಸದ್ಯಕ್ಕೆ ಐದು ಕೊಡಿ’ ಅನ್ನುತ್ತಿದ್ದರು. ಸ್ಟ್ರಿಪ್ಪಿಗೆ ಕತ್ತರಿ ಹಾಕುವಾಗಲೇ ನನಗೆ ಗೊತ್ತಾಗುತ್ತಿತ್ತು, ಉಳಿದದ್ದಕ್ಕೆ ಇವರು ಬರುವವರಲ್ಲ ಅಂತ. ನೋವಿಲ್ಲದ ಕಾಯಿಲೆಗೆ ಯಾರೂ ಹೆದರುವುದಿಲ್ಲ. ರಕ್ತನಾಳದ ಗೋಡೆಯಲ್ಲಿ ಕೊಬ್ಬು ಕೂರುವುದು ವರ್ಷಗಟ್ಟಲೆ, ಸದ್ದಿಲ್ಲದೆ. ಎದೆ ಹಿಡಿದುಕೊಳ್ಳುವುದು ಮಾತ್ರ ಒಂದೇ ದಿನ.

ಕೊಲೆಸ್ಟರಾಲಿನ ಬಹುಪಾಲು ತಟ್ಟೆಯಿಂದ ಬರುವುದಲ್ಲ, ನಮ್ಮ ದೇಹವೇ ತಯಾರಿಸುವುದು. ಅಟೊರ್ವಾಸ್ಟಾಟಿನ್‌ನಂಥ ಸ್ಟಾಟಿನ್ ಮಾತ್ರೆ ಲಿವರಿನಲ್ಲಿ ಆ ತಯಾರಿಕೆಯನ್ನು ತಗ್ಗಿಸುತ್ತದೆ. ಆಗ ಲಿವರ್ ತನಗೆ ಬೇಕಾದದ್ದನ್ನು ರಕ್ತದಲ್ಲಿರುವ ಎಲ್‌ಡಿಎಲ್‌ನಿಂದ ಎಳೆದುಕೊಳ್ಳುತ್ತದೆ. ಮಾತ್ರೆ ನಿಂತರೆ ಕೆಲವೇ ವಾರಗಳಲ್ಲಿ ಹಳೆಯ ಅಂಕಿ ವಾಪಸ್. ಜಪಾನಿನ ಅಕಿರಾ ಎಂಡೊ 1973ರಲ್ಲಿ ಒಂದು ಬೂಷ್ಟಿನಲ್ಲಿ ಈ ಜಾತಿಯ ಮೊದಲ ಔಷಧ ಕಂಡುಹಿಡಿದರು. 1994ರಲ್ಲಿ ಉತ್ತರ ಯುರೋಪಿನ 4,444 ಹೃದ್ರೋಗಿಗಳ ಅಧ್ಯಯನ ಪ್ರಕಟವಾಯಿತು. ಸ್ಟಾಟಿನ್ ತೆಗೆದುಕೊಂಡವರಲ್ಲಿ ಸಾವು ಸುಮಾರು ಶೇ. 30ರಷ್ಟು ಕಡಿಮೆ. ಅವರು ನುಂಗಿದ್ದು ನಿನ್ನ ಹಾಗೆ ನಾಲ್ಕು ತಿಂಗಳಲ್ಲ ಮಗಾ, ಐದು ವರ್ಷಕ್ಕೂ ಮೇಲೆ.

ಇನ್ನು ನಿನ್ನ ‘ನಾರ್ಮಲ್’. ಲ್ಯಾಬಿನವರು ಅಚ್ಚು ಹಾಕುವುದು ಎಲ್ಲರಿಗೂ ಒಂದೇ ಅಂಕಿ. 2024ರಲ್ಲಿ ನಮ್ಮ ದೇಶದ ಹೃದ್ರೋಗ ತಜ್ಞರ ಸಂಘ ಕೊಟ್ಟ ಮಾರ್ಗಸೂಚಿಯ ಪ್ರಕಾರ ಸಾಮಾನ್ಯರಿಗೆ ಎಲ್‌ಡಿಎಲ್ 100ರೊಳಗೆ ಸಾಕು, ಅಪಾಯ ಹೆಚ್ಚಿದ್ದವರಿಗೆ 70ರೊಳಗೆ ಇರಬೇಕು. ನಿಮ್ಮಪ್ಪನಿಗೆ ಸ್ಟೆಂಟ್ ಹಾಕಿದ್ದು 48ನೇ ವಯಸ್ಸಿಗೆ. ಹಾಗಾಗಿ ನಿನ್ನ ಗುರಿ ಎಷ್ಟು ಅಂತ ಡಾಕ್ಟರನ್ನೇ ಕೇಳು. ಲಿಪೊಪ್ರೋಟೀನ್ ‘ಎ’ ಎಂಬ ಟೆಸ್ಟನ್ನೂ ಕೇಳು. ಅದು ವಂಶದಿಂದ ಬರುವಂಥದ್ದು, ಸಾಮಾನ್ಯವಾಗಿ ಜೀವನದಲ್ಲಿ ಒಮ್ಮೆ ಮಾಡಿಸಿದರೆ ಸಾಕು. ತಂಗಿಗೂ ಲಿಪಿಡ್ ಪರೀಕ್ಷೆ ಮಾಡಿಸು.

ಊಟದ ಮಾತು. ಊರಿಗೆ ಬಂದಾಗ ಒಂದು ಬೆಣ್ಣೆದೋಸೆ ತಿನ್ನು, ಬೇಡ ಅನ್ನುವುದಿಲ್ಲ. ಆಫೀಸಿನ ಕೆಳಗಿನ ಬೇಕರಿಯ ಪಫ್ಸ್ ದಿನಾ ಬೇಡ. ಎಣ್ಣೆ ಪ್ಯಾಕೆಟ್ಟಿನ ಮೇಲೆ ‘ಕೊಲೆಸ್ಟರಾಲ್ ಫ್ರೀ’ ಅಂತ ನೋಡಿ ಮರುಳಾಗಬೇಡ. ಯಾವ ಸಸ್ಯಜನ್ಯ ಎಣ್ಣೆಯಲ್ಲೂ ಅದು ಲೆಕ್ಕಕ್ಕೆ ಸಿಗುವಷ್ಟು ಇರುವುದಿಲ್ಲ. ಆದರೆ ಪಾಮ್ ಎಣ್ಣೆ, ಕೊಬ್ಬರಿ ಎಣ್ಣೆಯ ಕೊಬ್ಬು ಎಲ್‌ಡಿಎಲ್ ಏರಿಸುತ್ತದೆ. ನಿನ್ನ ಟ್ರೈಗ್ಲಿಸರೈಡ್ 240 ಇದೆ. ಅದು ಎಣ್ಣೆಗಿಂತ ಸಕ್ಕರೆ, ಮೈದಾ, ವೀಕೆಂಡಿನ ಬಿಯರಿನ ಲೆಕ್ಕ. ಕಾಳು, ಸೊಪ್ಪು ಜಾಸ್ತಿ ಮಾಡು. ದೊಡ್ಡಮ್ಮ ಅಗಸೆ ಚಟ್ನಿಪುಡಿ ಕಳಿಸಿದ್ದಾಳೆ. ದಿನಾ ಅರ್ಧ ಗಂಟೆ ಬಿರುಸಾಗಿ ನಡೆ, ಸಿಗರೇಟು ಪೂರ್ತಿ ಬಿಡು. ಇದೆಲ್ಲ ಮಾತ್ರೆಯ ಜೊತೆಗೆ, ಮಾತ್ರೆಯ ಬದಲಿಗೆ ಅಲ್ಲ.

ಮಾತ್ರೆಯಿಂದ ಮೈಕೈ ನೋವು ಬಂದಿದ್ದರೆ ಮುಚ್ಚಿಡಬೇಡ. ಡಾಕ್ಟರು ಡೋಸ್ ಇಳಿಸುತ್ತಾರೆ, ಇಲ್ಲವೇ ಬೇರೆ ಬರೆದುಕೊಡುತ್ತಾರೆ. ನಿಲ್ಲಿಸುವ ತೀರ್ಮಾನ ಮಾತ್ರ ನೀನಾಗಿ ತಗೋಬೇಡ. ಈ ಶನಿವಾರವೇ ಹೋಗಿ ಅವರನ್ನು ಕಂಡು ಬಾ, ಏನೆಂದರೆಂದು ನನಗೆ ತಿಳಿಸು.

ಇಂತಿ ನಿನ್ನ,
ದೊಡ್ಡಪ್ಪ