ಗುರುವಿಗಿಂತ ಮೊದಲು ಜೋಡಿ ಹುಡುಕಿ

ಪ್ರಶ್ನೆ: ನಾವು ನ್ಯಾಮತಿಯವರು. ಮಗಳು ಎಂಟನೇ ತರಗತಿ. ಶಾಲೆಯಲ್ಲಿ ಮೂರು ತಿಂಗಳು ಆತ್ಮರಕ್ಷಣೆಯ ಕರಾಟೆ ಹೇಳಿಕೊಟ್ಟರು. ಅದು ಮುಗಿದಾಗಿನಿಂದ ಒಂದೇ ಹಟ, ಸ್ಪರ್ಧೆಯಲ್ಲಿ ಫೈಟ್ ಮಾಡಬೇಕಂತೆ. ಚನ್ನಗಿರಿಯಲ್ಲಿರುವ ನಾದಿನಿಯ ಮಗ, ಜಗಳೂರಿನಲ್ಲಿರುವ ನಮ್ಮಣ್ಣನ ಮಕ್ಕಳು ಕೂಡ ಇದೇ ಗುಂಗಿನಲ್ಲಿದ್ದಾರೆ. ಹೊನ್ನಾಳಿಯೂ ಸೇರಿ ನಮ್ಮ ಕಡೆಯ ಊರುಗಳಲ್ಲಿ ಇದಕ್ಕೆ ಸರಿಯಾದ ಶಾಲೆ ಹುಡುಕುವುದು ಹೇಗೆ? ಕರಾಟೆ ಒಳ್ಳೆಯದೋ, ಟೇಕ್ವಾಂಡೊ ಒಳ್ಳೆಯದೋ?

ಉತ್ತರ: ಜಾತ್ರೆಯ ಬಯಲು ಕುಸ್ತಿ ನೋಡಿದ್ದರೆ ಅರ್ಧ ಉತ್ತರ ನಿಮಗೇ ಗೊತ್ತಿದೆ. ಕುಸ್ತಿ ಶುರುವಾಗುವ ಮುಂಚೆ ಹಿರಿಯ ಪೈಲ್ವಾನರು ಹುಡುಗರನ್ನು ಅಕ್ಕಪಕ್ಕ ನಿಲ್ಲಿಸಿ, ಹೆಗಲು ನೋಡಿ, ತೊಡೆ ನೋಡಿ, ಇವನಿಗೆ ಇವನು ಎಂದು ನಿಶ್ಚಯಿಸುತ್ತಾರೆ. ಅದೇ ಜೋಡಿ ಕಟ್ಟುವುದು. ಮೈಸೂರು ದಸರಾ ಕುಸ್ತಿಗೆ ಮುಂಚೆ ಇದನ್ನೇ ಒಂದು ಕಾರ್ಯಕ್ರಮವಾಗಿ ನಡೆಸುತ್ತಾರೆ. ಜೋಡಿ ಸರಿ ಬೀಳದಿದ್ದರೆ ಗೆದ್ದವನಿಗೂ ಮಾನವಿಲ್ಲ, ಸೋತವನಿಗೂ ಪಾಠವಿಲ್ಲ.

ನಿಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಕೊರತೆ ಇರುವುದು ಮಾಸ್ಟರ್‌ಗಳದ್ದಲ್ಲ, ಈ ಜೋಡಿಯದ್ದು. ಕಲ್ಯಾಣ ಮಂಟಪದಲ್ಲೋ ಶಾಲೆಯ ಅಂಗಳದಲ್ಲೋ ಸಂಜೆ ಹೊತ್ತು ಬಿಳಿ ಬಟ್ಟೆ ತೊಟ್ಟ ಇಪ್ಪತ್ತು ಮಕ್ಕಳು ಸಿಗಬಹುದು. ಅವರಲ್ಲಿ ನಿಮ್ಮ ಮಗಳ ವಯಸ್ಸಿನ, ಅವಳಷ್ಟೇ ತೂಕದ, ಅವಳಷ್ಟೇ ಛಲದ ಹುಡುಗಿಯರು ಎಷ್ಟು ಮಂದಿ? ಇಬ್ಬರಾದರೂ ಇದ್ದರೆ ಅದು ಒಳ್ಳೆಯ ಶಾಲೆ. ಒಬ್ಬಳೂ ಇಲ್ಲದಿದ್ದರೆ ಮಾಸ್ಟರ್ ಎಷ್ಟನೇ ಡಾನ್ ಬ್ಲಾಕ್ ಬೆಲ್ಟ್ ಆದರೂ ಅವಳು ಗಾಳಿಗೆ ಗುದ್ದುವುದನ್ನೇ ಕಲಿಯುತ್ತಾಳೆ.

ಶಾಲೆಯಲ್ಲಿ ಅವಳು ಕಲಿತದ್ದು ಸಮಗ್ರ ಶಿಕ್ಷಣದ ರಾಣಿ ಲಕ್ಷ್ಮೀಬಾಯಿ ಆತ್ಮರಕ್ಷಣಾ ತರಬೇತಿ ಇರಬೇಕು. ಹಾಸ್ಟೆಲ್ ಮತ್ತು ವಸತಿ ಶಾಲೆಯ ಹೆಣ್ಣುಮಕ್ಕಳಿಗೆ ಇಂಥದ್ದೇ ಇನ್ನೊಂದಿದೆ, ಓಬವ್ವ ಆತ್ಮರಕ್ಷಣಾ ಕಲೆ. ಜಗಳೂರಿಗೆ ಚಿತ್ರದುರ್ಗ ಪಕ್ಕದ್ದೇ ಆದ್ದರಿಂದ ಆ ಹೆಸರಿನ ಬಿಸಿ ಅಲ್ಲಿನ ಮಕ್ಕಳಿಗೆ ಬೇರೆ ಹೇಳಿಕೊಡಬೇಕಿಲ್ಲ. ಆದರೆ ಆತ್ಮರಕ್ಷಣೆ ಬೇರೆ, ಸ್ಪರ್ಧೆ ಬೇರೆ. ಒನಕೆ ಹಿಡಿದ ಓಬವ್ವನಿಗೆ ರೆಫರಿ ಇರಲಿಲ್ಲ. ಆತ್ಮರಕ್ಷಣೆಯಲ್ಲಿ ಕೈ ಬಿಡಿಸಿಕೊಂಡು ಓಡಿದರೆ ಗೆದ್ದಂತೆ. ಸ್ಪರ್ಧೆಯಲ್ಲಿ ಓಡುತ್ತಲೇ ಇದ್ದರೆ ದಂಡ ಬೀಳುತ್ತದೆ.

ಕರಾಟೆಯಲ್ಲಿ ಎರಡು ವಿಭಾಗ. ಒಬ್ಬರೇ ನಿಂತು ವರಸೆ ತೋರಿಸುವುದು ಕಟಾ, ಎದುರಾಳಿಯೊಂದಿಗೆ ಆಡುವುದು ಕುಮಿಟೆ. ನಿಮ್ಮ ಮಗಳಿಗೆ ಬೇಕಾದದ್ದು ಕುಮಿಟೆ. ಎಂಟು ಮೀಟರ್ ಚೌಕದ ಅಂಕಣ, ದೊಡ್ಡವರಿಗೆ 3 ನಿಮಿಷ, ಮಕ್ಕಳಿಗೆ ಇನ್ನೂ ಕಡಿಮೆ. ಸರಿಯಾದ ಗುದ್ದಿಗೆ 1 ಅಂಕ, ಹೊಟ್ಟೆ ಬೆನ್ನಿನ ಭಾಗಕ್ಕೆ ಒದ್ದರೆ 2, ತಲೆಯ ಎತ್ತರಕ್ಕೆ ಒದ್ದರೆ 3. ಎಂಟು ಅಂಕಗಳ ಮುನ್ನಡೆ ಸಿಕ್ಕರೆ ಪಂದ್ಯ ಅಲ್ಲಿಗೇ ಮುಗಿಯಿತು. ತಮಾಷೆಯೆಂದರೆ ಮುಖಕ್ಕೆ ಜೋರಾಗಿ ಹೊಡೆದವಳಿಗೆ ಅಂಕವಲ್ಲ, ಶಿಕ್ಷೆ. ಗುದ್ದು ಪೂರ್ತಿ ವೇಗದಲ್ಲಿ ಹೋಗಬೇಕು, ತಾಗುವ ಹೊತ್ತಿಗೆ ತಡೆದುಕೊಳ್ಳಬೇಕು. ಈ ಹಿಡಿತ ಗಾಳಿಗೆ ಗುದ್ದಿ ಬರುವುದಲ್ಲ, ಎದುರಿಗೆ ಒಂದು ಮುಖ ಬೇಕು. ಜೋಡಿ ಎಂದು ನಾನು ಹಟ ಹಿಡಿದಿರುವುದು ಅದಕ್ಕೇ.

ಟೇಕ್ವಾಂಡೊದಲ್ಲಿ ಮುಖಕ್ಕೆ ಗುದ್ದುವಂತೆಯೇ ಇಲ್ಲ, ಕಾಲಿನದ್ದೇ ರಾಜ್ಯ. ಎದೆಗವಚಕ್ಕೆ ಗುದ್ದಿದರೆ 1, ಒದ್ದರೆ 2, ತಲೆಗೆ ಒದ್ದರೆ 3, ತಿರುಗಿ ಒದ್ದರೆ ಇನ್ನೂ ಹೆಚ್ಚು. ದೊಡ್ಡ ಸ್ಪರ್ಧೆಗಳಲ್ಲಿ ಕವಚ, ಶಿರಸ್ತ್ರಾಣ, ಕಾಲುಚೀಲ ಎಲ್ಲದರಲ್ಲೂ ಸಂವೇದಕಗಳಿರುತ್ತವೆ, ಅಂಕ ಯಂತ್ರವೇ ಕೊಡುತ್ತದೆ. ಬರೀ ಸ್ಪಂಜಿನ ಕವಚದಲ್ಲಿ ಕಲಿತ ಮಕ್ಕಳು ಅಲ್ಲಿಗೆ ಹೋಗಿ, ‘ಸರಿಯಾಗಿಯೇ ಒದ್ದೆ, ಲೈಟೇ ಹತ್ತಲಿಲ್ಲ’ ಎಂದು ಅತ್ತುಕೊಂಡು ಬರುವುದುಂಟು. ಟೇಕ್ವಾಂಡೊ 2000ದ ಸಿಡ್ನಿಯಿಂದ ಒಲಿಂಪಿಕ್ಸ್ ಪದಕ ಸ್ಪರ್ಧೆ. ಕರಾಟೆ ಟೋಕಿಯೊದಲ್ಲಿ ಒಮ್ಮೆ ಬಂದು, ಪ್ಯಾರಿಸ್ ಹೊತ್ತಿಗೆ ಹೊರಬಿತ್ತು. ಹಾಗೆಂದು ಒಲಿಂಪಿಕ್ಸ್ ನೋಡಿಕೊಂಡು ಎಂಟನೇ ತರಗತಿಯವಳಿಗೆ ಆಟ ಆರಿಸಬೇಡಿ. ಬೆಳಗಾವಿ ಬಳಿಯ ತುರಮುರಿಯ ರೈತನ ಮಗಳು ಮಲಪ್ರಭಾ ಜಾಧವ್ ಆಡುತ್ತಿದ್ದದ್ದು ಜೂಡೊ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಅವರು ಕಂಚು ತಂದದ್ದು ಜೂಡೊವನ್ನೇ ಹೋಲುವ ಕುರಾಶ್‌ನಲ್ಲಿ. ಆಟದ ಹೆಸರು ಬದಲಾಯಿತು, ಎದುರಾಳಿಯನ್ನು ಹಿಡಿದು ಕೆಡವಿ ಪಳಗಿದ ಮೈ ಅದೇ. ಹಾಗಾಗಿ ಕರಾಟೆಯೋ ಟೇಕ್ವಾಂಡೊವೋ ಎಂಬ ಪ್ರಶ್ನೆಗೆ ನನ್ನ ಉತ್ತರ: ಎಲ್ಲಿ ಜೋಡಿ ಸಿಗುತ್ತದೋ ಅದು.

ಹುಡುಕುವುದನ್ನು ಫ್ಲೆಕ್ಸ್ ಬೋರ್ಡ್ ನೋಡಿ ಶುರು ಮಾಡಬೇಡಿ, ಶಾಲೆಯ ಪಿ.ಟಿ. ಮೇಷ್ಟರಿಂದ ಶುರು ಮಾಡಿ. ಶಾಲಾ ಶಿಕ್ಷಣ ಇಲಾಖೆಯ ಕ್ರೀಡಾಕೂಟಗಳಲ್ಲಿ ಕರಾಟೆ, ಟೇಕ್ವಾಂಡೊ, ಜೂಡೊ, ಕುಸ್ತಿ ಎಲ್ಲ ಇವೆ. 14, 17, 19 ವರ್ಷದೊಳಗಿನವರು ಎಂದು ವಯಸ್ಸಿನ ಗುಂಪು, ಅದರೊಳಗೆ ತೂಕದ ಗುಂಪು. ಕಳೆದ ವರ್ಷ ಜಿಲ್ಲೆ ದಾಟಿ ವಿಭಾಗ ಮಟ್ಟಕ್ಕೆ ಹೋದವರು ಯಾವ ಶಾಲೆಯ ಮಕ್ಕಳು ಎಂಬುದು ಬಿಇಒ ಕಚೇರಿಯ ದೈಹಿಕ ಶಿಕ್ಷಣ ಪರಿವೀಕ್ಷಕರನ್ನು ಕೇಳಿದರೆ ತಿಳಿಯುತ್ತದೆ. ಆ ಮಕ್ಕಳಿಗೆ ಕಲಿಸಿದವರು ಯಾರೆಂದು ವಿಚಾರಿಸಿ. ‘ಜಿಲ್ಲೆಗೆ ಫಸ್ಟ್’ ಎಂದರೆ ಒಂದು ಮಾತು ಹೆಚ್ಚಿಗೆ ಕೇಳಿ: ಆ ತೂಕದಲ್ಲಿ ಎಷ್ಟು ಮಂದಿ ಇದ್ದರು? ಒಬ್ಬರೇ ಇದ್ದರೂ ಫಸ್ಟೇ.

ಇನ್ನು ಬಸ್ಸಿನ ಮಾತು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ನ್ಯಾಮತಿ ಆಗ ಹೊನ್ನಾಳಿಯೊಳಗೇ ಇತ್ತು, ತಾಲ್ಲೂಕಾದದ್ದು ಈಚೆಗೆ. ಕಾಗದ ಪತ್ರವೆಲ್ಲ ದಾವಣಗೆರೆಗೆ ಹೋದರೂ ನಿಮ್ಮ ಊರಿನವರ ಕಾಲು ಶಿವಮೊಗ್ಗದ ಕಡೆಗೇ ಎಳೆಯುತ್ತದೆ, ಅದೇ ಹತ್ತಿರ. ಹೋಗಲಿ, ತಪ್ಪಿಲ್ಲ. ಜಗಳೂರಿನ ಮಕ್ಕಳಿಗೆ ದಾವಣಗೆರೆ, ಚಿತ್ರದುರ್ಗ ಎರಡೂ ಇವೆ. ಆದರೆ ಸೇರುವ ಮೊದಲು ಮಾಸ್ಟರ್ ಅವರನ್ನು ಕೇಳಿಕೊಳ್ಳಿ: ಕರಾಟೆ, ಟೇಕ್ವಾಂಡೊ ಸಂಸ್ಥೆಗಳ ಸ್ಪರ್ಧೆಗಳಲ್ಲಿ ನಮ್ಮ ಹುಡುಗಿಯ ಹೆಸರನ್ನು ಯಾವ ಜಿಲ್ಲೆಯಿಂದ ನೋಂದಾಯಿಸುತ್ತೀರಿ? ಶಾಲಾ ಕ್ರೀಡಾಕೂಟದಲ್ಲಿ ಅವಳು ದಾವಣಗೆರೆ ಜಿಲ್ಲೆಯವಳು. ಹೊರಗೆ ಇನ್ನೊಂದು ಜಿಲ್ಲೆಯವಳಾಗಿ ಆಡಿ, ಆಯ್ಕೆಯ ಹೊತ್ತಿಗೆ ಎರಡು ಕಡೆಯವರೂ ‘ನಮ್ಮವಳಲ್ಲ’ ಎನ್ನುವಂತಾಗಬಾರದು.

ಜೊತೆಗೇ ಕೇಳಬೇಕಾದದ್ದು ಮಾನ್ಯತೆ. ಭಾರತದಿಂದ ವಿಶ್ವ ಕರಾಟೆ ಫೆಡರೇಷನ್‌ಗೆ ಸೇರಿರುವುದು ಕರಾಟೆ ಇಂಡಿಯಾ ಆರ್ಗನೈಸೇಷನ್. ವಿಶ್ವ ಟೇಕ್ವಾಂಡೊ ಸಂಸ್ಥೆಗೆ ಸೇರಿರುವುದು ಇಂಡಿಯಾ ಟೇಕ್ವಾಂಡೊ. ನಿಮ್ಮ ಮಾಸ್ಟರ್‌ರ ಸರಪಳಿ ಜಿಲ್ಲೆ, ರಾಜ್ಯ ದಾಟಿ ಅಲ್ಲಿಗೆ ಮುಟ್ಟುತ್ತದೆಯೇ ನೋಡಿ. ‘ಅಂತರರಾಷ್ಟ್ರೀಯ ಓಪನ್’ ಎಂದು ಯಾವುದೋ ಊರಿನ ಸಮುದಾಯ ಭವನದಲ್ಲಿ ನಡೆದು, ಶುಲ್ಕ ಕಟ್ಟಿದವರಿಗೆಲ್ಲ ಪದಕ ಹಂಚುವ ಕೂಟಗಳಿವೆ. ಅನುಭವಕ್ಕೆ ಒಂದೆರಡಕ್ಕೆ ಹೋಗಿಬರಲಿ, ಕ್ರೀಡಾ ಕೋಟಾದ ಕನಸನ್ನು ಮಾತ್ರ ಆ ಸರ್ಟಿಫಿಕೇಟಿನ ಮೇಲೆ ಕಟ್ಟಬೇಡಿ. ಬೆಲ್ಟ್ ಪರೀಕ್ಷೆಗೂ ಇದೇ ಮಾತು. ಹಳದಿ, ಹಸಿರು, ಕಂದು ಎಂದು ಶುಲ್ಕದ ಮೇಲೆ ಶುಲ್ಕ ಬೀಳುತ್ತಾ ಹೋಗುತ್ತದೆ. ಕುಮಿಟೆ ಅಂಕಣದಲ್ಲಿ ಇರುವ ಬಣ್ಣ ಎರಡೇ, ಒಬ್ಬರಿಗೆ ಕೆಂಪು, ಇನ್ನೊಬ್ಬರಿಗೆ ನೀಲಿ.

ಸೇರಿಸುವ ಮುಂಚೆ ಒಂದು ಸಂಜೆ ಮೂಲೆಯಲ್ಲಿ ಕುಳಿತು ನೋಡಿ. ಒಂದು ಗಂಟೆಯಲ್ಲಿ ಎದುರುಬದುರು ಆಡಿದ್ದು ಎಷ್ಟು ನಿಮಿಷ? ನೆಲಕ್ಕೆ ಮ್ಯಾಟ್ ಇದೆಯೇ, ಬರೀ ಸಿಮೆಂಟೇ? ಹಲ್ಲಿನ ಗಾರ್ಡ್, ಕೈಗವಸು, ಮೊಣಕಾಲ ಕೆಳಗಿನ ಗಾರ್ಡ್ ಇಲ್ಲದ ಮಗುವನ್ನು ಆಡಲು ಬಿಡುತ್ತಾರೆಯೇ? ಹೆಣ್ಣುಮಕ್ಕಳಿಗೆ ಫೈಟ್ ಕೊಡುತ್ತಾರೆಯೇ, ಇಲ್ಲವೇ ‘ನೀವು ಕಟಾ ಮಾಡಿಕೊಳ್ಳಿ’ ಎಂದು ಪಕ್ಕಕ್ಕೆ ಕಳಿಸುತ್ತಾರೆಯೇ? ಎಲ್ಲಕ್ಕಿಂತ ಮುಖ್ಯ, ತಲೆಗೆ ಪೆಟ್ಟು ಬಿದ್ದ ಮಗುವನ್ನು ಮಾಸ್ಟರ್ ಏನು ಮಾಡುತ್ತಾರೆ? ನೀರು ಚಿಮುಕಿಸಿ ಮತ್ತೆ ನಿಲ್ಲಿಸಿದರೆ ಎದ್ದು ಬನ್ನಿ. ತಲೆ ಸುತ್ತಿದರೆ, ವಾಂತಿ ಬಂದರೆ ಆ ದಿನದ ಆಟ ಮುಗಿಯಿತು, ಮುಂದಿನದ್ದು ವೈದ್ಯರ ಮಾತು. ಕೆಳಗಿನ ತೂಕಕ್ಕೆ ಇಳಿಸಲು ಮಕ್ಕಳನ್ನು ಉಪವಾಸ ಕೆಡವುವವರೂ ಇದ್ದಾರೆ. ಬೆಳೆಯುವ ಹುಡುಗಿಗೆ ಊಟ ಬಿಡಿಸಿ ತರುವ ಪದಕ ಯಾವುದೂ ಬೇಡ.

ನ್ಯಾಮತಿ, ಹೊನ್ನಾಳಿಯಲ್ಲೇ ಜೋಡಿ ಸಿಗದಿದ್ದರೆ ವಾರವನ್ನು ಹಂಚಿಕೊಳ್ಳಿ. ಮೂರು ದಿನ ಊರಿನ ಮಾಸ್ಟರ್ ಬಳಿ ಕಾಲು, ಉಸಿರು, ಮೂಲ ವರಸೆ. ಭಾನುವಾರ ಶಿವಮೊಗ್ಗದಲ್ಲಿ ಬರೀ ಫೈಟ್. ಊರಿನ ಮಾಸ್ಟರ್‌ಗೆ ಮೊದಲೇ ತಿಳಿಸಿ, ಗುರುಗಳ ಮುನಿಸು ಸಣ್ಣದಲ್ಲ. ಅವರೇ ತಮ್ಮ ಮಕ್ಕಳನ್ನೂ ಕರೆದುಕೊಂಡು ಹೊರಟರೆ ಇನ್ನೂ ಚೆನ್ನ.

ಚನ್ನಗಿರಿ, ಜಗಳೂರಿನ ಹುಡುಗರಿಗೆ ಇನ್ನೊಂದು ದಾರಿ ಇದೆ, ಅದನ್ನು ಯಾರೂ ಮಾರ್ಷಲ್ ಆರ್ಟ್ಸ್ ಎಂದು ಕರೆಯದ ಕಾರಣ ಕಣ್ಣಿಗೆ ಬೀಳುವುದಿಲ್ಲ. ದಾವಣಗೆರೆಯ ಗರಡಿ ಮನೆಗಳು, ದುಗ್ಗಮ್ಮನ ಜಾತ್ರೆಯ ಕುಸ್ತಿ ನಿಮಗೆ ಗೊತ್ತೇ ಇವೆ. ಕ್ರೀಡಾ ಇಲಾಖೆಯ ದಾವಣಗೆರೆ ಕ್ರೀಡಾ ವಸತಿ ನಿಲಯವೂ ಕುಸ್ತಿಗೆ ಹೆಸರಾದದ್ದು. ಅಲ್ಲಿಗೆ ಆಯ್ಕೆಯಾದರೆ ಊಟ, ಓದು, ಮ್ಯಾಟ್, ಕೋಚ್ ಎಲ್ಲ ಒಂದೇ ಕಡೆ, ಜೋಡಿಗಂತೂ ಬರವಿಲ್ಲ. ಆಯ್ಕೆ ಪ್ರಕಟಣೆ ಹೊರಬಿದ್ದಾಗ ತಪ್ಪಿಸಿಕೊಳ್ಳದಂತೆ ಇಲಾಖೆಯ ಕಚೇರಿಯಲ್ಲಿ ಮುಂಚೆಯೇ ವಿಚಾರಿಸಿಡಲು ನಿಮ್ಮ ನಾದಿನಿಗೂ ಅಣ್ಣನಿಗೂ ಹೇಳಿ.

ನಿಮ್ಮ ಮಗಳ ಮೊದಲ ಭಾನುವಾರಕ್ಕೆ ಇಷ್ಟು ಸಾಕು: ಬಿಸಿ ನೀರಲ್ಲಿ ಅದ್ದಿ ಹಲ್ಲಿನ ಅಚ್ಚಿಗೆ ಕೂರಿಸಿಕೊಳ್ಳುವ ಗಾರ್ಡ್ ಒಂದು, ನೀರಿನ ಬಾಟಲಿ ಒಂದು. ಉಗುರು ಹಿಂದಿನ ರಾತ್ರಿಯೇ ಕತ್ತರಿಸಿ. ಜಡೆಗೆ ರಬ್ಬರ್ ಬ್ಯಾಂಡ್ ಹಾಕಿ, ಕಬ್ಬಿಣದ ಕ್ಲಿಪ್ಪು, ಬಳೆ, ಓಲೆ, ಕಾಲ್ಗೆಜ್ಜೆ ಮನೆಯಲ್ಲೇ ಬಿಚ್ಚಿಡಿ. ಅವನ್ನು ತೊಟ್ಟವರನ್ನು ಅಂಕಣಕ್ಕೆ ಬಿಡುವುದಿಲ್ಲ.