ಸೂತ್ರಕ್ಕಿಂತ ಮೊದಲು ಸಂಬಳದ ಪಟ್ಟಿ

ಹತ್ತನೇ ತರಗತಿಯ ಮಗುವನ್ನು ಎದುರಿಗೆ ಕೂರಿಸಿಕೊಂಡು ಸಂಖ್ಯಾಶಾಸ್ತ್ರ ಹೇಳಿಕೊಡುವ ಅಕ್ಕ, ಅಣ್ಣ, ಮೇಷ್ಟ್ರುಗಳೇ, ಮೊದಲ ದಿನವೇ ಸೂತ್ರ ಬರೆಸಬೇಡಿ. ಒಂದು ಅಂಗಡಿಯ ಐವರ ತಿಂಗಳ ವರಮಾನ ಬರೆದುಕೊಡಿ: ಕೆಲಸದವರದ್ದು 8, 9, 10, 11 ಸಾವಿರ, ಮಾಲೀಕರದ್ದು 62 ಸಾವಿರ. ಸರಾಸರಿ 20 ಸಾವಿರ ಬರುತ್ತದೆ. ‘ಇಷ್ಟು ದುಡ್ಡು ಇವರಲ್ಲಿ ಯಾರಿಗೆ ಸಿಗುತ್ತೆ, ಹೇಳು?’ ಎಂದು ಕೇಳಿ ಸುಮ್ಮನಿರಿ. (ಸುಮ್ಮನಿರುವುದೇ ಮೇಷ್ಟ್ರುಗಳಿಗೆ ಕಷ್ಟ, ಬಿಡಿ.) ಯಾರಿಗೂ ಇಲ್ಲ ಅಂತ ಮಗುವೇ ಕಂಡುಕೊಂಡ ಮೇಲೆ, 10 ಸಾವಿರದ ಮಧ್ಯಾಂಕ ಏಕೆ ಬೇಕೆಂದು ವಿವರಿಸುವ ಕೆಲಸವೇ ಇರುವುದಿಲ್ಲ.

ವರ್ಗಾಂತರದ ಪಟ್ಟಿಯಲ್ಲಿ ಮಧ್ಯಾಂಕ ಹುಡುಕುವ ಲೆಕ್ಕಕ್ಕೆ ಬಂದಾಗ ಉತ್ತರ ನೋಡಬೇಡಿ, ಮಗುವಿನ ಬೆರಳು ಯಾವ ಸಾಲಿಗೆ ಹೋಗುತ್ತದೆ ನೋಡಿ. ಅತಿ ಹೆಚ್ಚು ಆವೃತ್ತಿಯಿರುವ ಸಾಲಿಗೆ ಹೋದರೆ ಅದು ಬಹುಲಕದ ವರ್ಗ. ಮಧ್ಯಾಂಕಕ್ಕೆ ಬೇಕಾದದ್ದು ಸಂಚಿತ ಆವೃತ್ತಿಯು ಒಟ್ಟು ಸಂಖ್ಯೆಯ ಅರ್ಧವನ್ನು ಮೊದಲು ದಾಟುವ ಸಾಲು. ಅಲ್ಲೂ ಒಂದು ಕೊಕ್ಕೆ ಇದೆ: ಸೂತ್ರಕ್ಕೆ ಹಾಕುವ ಆವೃತ್ತಿ ಆ ಸಾಲಿನದೇ, ಸಂಚಿತ ಆವೃತ್ತಿ ಮಾತ್ರ ಅದರ ಹಿಂದಿನ ಸಾಲಿನದು. ತುಂಬಿದ ತರಗತಿಯಲ್ಲಿ ಇಂಥ ಎಡವಟ್ಟು ಕಣ್ಣಿಗೆ ಬೀಳುವುದಿಲ್ಲ. ಎದುರಿಗೆ ಒಬ್ಬರೇ ಇರುವಾಗ ಬೀಳಲೇಬೇಕು.

ಓಜೀವ್ ನಕ್ಷೆಗೆ ಹೆಚ್ಚು ಹೊತ್ತು ಬೇಡ. ಕಡಿಮೆ ವಿಧಾನದಲ್ಲಿ ಬಿಂದುಗಳನ್ನು ವರ್ಗದ ಮೇಲ್ಮಿತಿಗೆ ಗುರುತಿಸಲು ಬಂದರೆ ಸಾಕು. ಪೆನ್ಸಿಲ್ ಮಾತ್ರ ಮಗುವಿನ ಕೈಯಲ್ಲೇ ಇರಲಿ, ದಯವಿಟ್ಟು ನೀವು ಕಿತ್ತುಕೊಳ್ಳಬೇಡಿ.